ಅಕ್ಕನ ಹೆಸರಿನ ಬಾಟಲಿ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟ ಅನ್ನುವುದು ಬೇಡ. ಆ ಶನಿವಾರ ನನ್ನ ಅಕ್ಕ ಸವಿತಾಳ ಹೆಸರಿನಲ್ಲಿ ಕೊಪ್ಪದ ಲ್ಯಾಬಿಗೆ ಹೋದ ಮೂತ್ರ ನನ್ನದು. ಅಕ್ಕ ಆಗ ಎಂಟು ತಿಂಗಳ ಬಸುರಿ. ನಾನು ಇಪ್ಪತ್ನಾಲ್ಕು ವರ್ಷದ, ಮೀಸೆ ಇದೆ ಎಂದು ಹೇಳಿಕೊಳ್ಳಬಹುದಾದ ಗಂಡಸು. ರಿಪೋರ್ಟಿನಲ್ಲಿ ಎಲ್ಲ ಸರಿಯಾಗಿದೆ ಎಂದೇ ಬಂತು. ಬರದೆ ಏನು? ನಾನು ಗುಂಡುಕಲ್ಲಿನ ಹಾಗೆ ಇದ್ದೆ.

ಇದನ್ನು ಈಗ ಬರೆಯುತ್ತಿರುವುದಕ್ಕೆ ಕಾರಣ ಇಷ್ಟೇ. ಅಕ್ಕನಿಗೆ ಬಂದಂಥ ಕಾಯಿಲೆ ಎಷ್ಟೋ ಮನೆಗಳಿಗೆ ಬರುತ್ತದೆ. ಬಂದ ಮನೆಯವರೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಇದು ನಮಗೊಬ್ಬರಿಗೇ ಯಾಕೆ ಬಂತು ಅಂದುಕೊಳ್ಳುತ್ತಾರೆ. ನಾನು ಅಂಥ ಬೆಂಚಿನ ಮೇಲೆ ಇಪ್ಪತ್ತಾರು ದಿನ ಕೂತವನು. ಬರೆದದ್ದನ್ನು ಅಕ್ಕ ಓದಿ, ಎರಡು ಕಡೆ ಗೀಟು ಹೊಡೆದು, ಉಳಿದದ್ದಕ್ಕೆ ಒಪ್ಪಿಗೆ ಕೊಟ್ಟಿದ್ದಾಳೆ. ಗೀಟು ಹೊಡೆದ ಎರಡೂ ಜಾಗ ಅವಳ ತೂಕಕ್ಕೆ ಸಂಬಂಧಪಟ್ಟವು.

ನಾನು ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. ಜಯಪುರ, ಶೃಂಗೇರಿ, ಎನ್.ಆರ್. ಪುರ ಎಂದು ಬೆಳಿಗ್ಗೆಯಿಂದ ಕೂಗುವುದು ಕೆಲಸ. ಅಪ್ಪ ಇದ್ದಾಗ ಅವರೇ ಕೂಗುತ್ತಿದ್ದರು. ಅವರು ಹೋದಮೇಲೆ ಸ್ಟೂಲೂ ದನಿಯೂ ನನಗೆ ಬಂದವು. ಬಿಡುವಿನಲ್ಲಿ ಮಿಮಿಕ್ರಿ. ಮದುವೆ ರಿಸೆಪ್ಷನ್ನಿನಲ್ಲಿ, ಗಣಪತಿ ಪೆಂಡಾಲಿನಲ್ಲಿ ನನ್ನ ಹೆಸರು ಪ್ರದೀಪ ಎಂದು ಹಾಕುತ್ತಾರೆ, ಮನೆಯಲ್ಲಿ ಪದ್ದು. ಡ್ರೈವರು, ಕಂಡಕ್ಟರು, ಪಂಚಾಯ್ತಿ ಮೆಂಬರು, ನಮ್ಮ ದೊಡ್ಡಮ್ಮ, ಯಾರೂ ನನ್ನ ಬಾಯಿಂದ ತಪ್ಪಿಸಿಕೊಂಡಿಲ್ಲ. ಭಾವನನ್ನಂತೂ ಅಕ್ಕನ ನಿಶ್ಚಿತಾರ್ಥದ ದಿನವೇ ಕಲಿತೆ. ಅವರು ಶೃಂಗೇರಿಯಲ್ಲಿ ಯಾತ್ರಿಕರ ಲಾಡ್ಜೊಂದರ ಮ್ಯಾನೇಜರು. ಯಾರ ಜೊತೆ ಏನು ಮಾತಾಡಿದರೂ ರೂಮು ಖಾಲಿ ಮಾಡುವ ಹೊತ್ತು ಹೇಳಿದ ಹಾಗೇ ಕೇಳಿಸುತ್ತದೆ.

ಚೊಚ್ಚಲ ಹೆರಿಗೆ ತವರಿನಲ್ಲಿ. ಹಾಗಾಗಿ ಏಳು ತುಂಬುತ್ತಿದ್ದ ಹಾಗೆ ಅಕ್ಕ ಶೃಂಗೇರಿಯಿಂದ ಕೊಪ್ಪಕ್ಕೆ ಬಂದಳು. ಜೊತೆಗೆ ತಾಯಿ ಕಾರ್ಡು, ಎರಡು ಸೂಟ್‌ಕೇಸು, ಮತ್ತು 'ಲೋ ಬಿಪಿ' ಎಂಬ ಬಿರುದು. ಐದನೇ ತಿಂಗಳಲ್ಲಿ ಒಂದು ದಿನ ಜಯಪುರದ ತಿರುವಿನಲ್ಲಿ ಬಸ್ಸಿನಲ್ಲೇ ತಲೆ ಸುತ್ತಿ ಬಂದು ಪಕ್ಕದವರ ಹೆಗಲ ಮೇಲೆ ಒರಗಿದ್ದಳು. ತೋರಿಸಿದಾಗ ಬಿಪಿ ಸ್ವಲ್ಪ ಕಡಿಮೆ ಇದೆ, ಈ ತಿಂಗಳುಗಳಲ್ಲಿ ಹಾಗಾಗುತ್ತೆ, ಹೆದರಬೇಡಿ ಎಂದಿದ್ದರು. ಅಲ್ಲಿಂದ ನಮ್ಮ ಮನೆಯಲ್ಲಿ ಅದು ರಕ್ತದ ಗುಂಪಿನಷ್ಟೇ ಗಟ್ಟಿಯಾಯಿತು. "ನಮ್ಮ ಸವಿತಂದು ಲೋ ಬಿಪಿ" ಎಂದು ಅಮ್ಮ ಹಾಲಿನವನಿಗೂ ಹೇಳಿದ್ದಳು. ದಿನಕ್ಕೆರಡು ಲೋಟ ಉಪ್ಪು ಹಾಕಿದ ಮಜ್ಜಿಗೆ ಖಾಯಂ ಆಯಿತು.

ಎಂಟರಲ್ಲಿ ಕಾಲು ಊದಿತು. ಬಸುರಿಯ ಕಾಲು ಊದದೆ ಇನ್ಯಾರದು ಊದಬೇಕು ಎಂದಳು ಅಮ್ಮ. ಅಕ್ಕ ನನ್ನ ಚಪ್ಪಲಿ ಹಾಕಿಕೊಂಡು ಓಡಾಡತೊಡಗಿದಳು. ಆಮೇಲೆ ಉಂಗುರ ಸಿಕ್ಕಿಹಾಕಿಕೊಂಡಿತು. ಆಮೇಲೆ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ. "ಮುಖ ತುಂಬ್ಕಂಡು ಲಕ್ಷಣ ಆಗಿದೆ" ಎಂದಳು ಅಮ್ಮ. ನಾನು ಕೆನ್ನೆಗೆ ಗಾಳಿ ತುಂಬಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಅಡುಗೆಮನೆಯಿಂದ ಜಗಲಿಗೆ ಅಕ್ಕನ ನಡಿಗೆ ನಡೆದು ತೋರಿಸಿದೆ. ಅಕ್ಕನೂ ನಕ್ಕಳು. ಚೆನ್ನಾಗಿ ಬಂದಿತ್ತು, ಅದನ್ನು ಇಲ್ಲ ಅನ್ನುವುದಿಲ್ಲ.

ಶುಕ್ರವಾರ ತಿಂಗಳ ತಪಾಸಣೆ. ಕೊಪ್ಪದಲ್ಲಿ ನಾವು ತೋರಿಸುತ್ತಿದ್ದ ಡಾಕ್ಟರಮ್ಮ ಹೆಚ್ಚು ಮಾತಿಲ್ಲದವರು. ಆ ಕೊರತೆಯನ್ನು ಅವರ ಕಾಂಪೌಂಡರ್ ಶೇಷಣ್ಣ ತುಂಬಿಕೊಡುತ್ತಾನೆ. ಮೂಗಿನಲ್ಲಿ ಮಾತು, ಪ್ರತಿ ವಾಕ್ಯದ ಕೊನೆಗೆ 'ಗೊತ್ತಾತಲ್ಲ'. ಅವನನ್ನು ಕಲಿಯಲು ನನಗೆ ಐದು ನಿಮಿಷ ಸಾಕಾಗಿತ್ತು. ಅವತ್ತು ಡಾಕ್ಟರಮ್ಮ ಬಿಪಿ ನೋಡಿದರು. ಐದು ನಿಮಿಷ ಬಿಟ್ಟು ಮತ್ತೆ ನೋಡಿದರು. ನೂರಾ ನಲವತ್ತು, ತೊಂಬತ್ತು.

"ಇವಳದ್ದು ಲೋ ಬಿಪಿ, ಮೇಡಂ," ಎಂದಳು ಅಮ್ಮ, ಮಿಷನ್ನಿಗೆ ಗೊತ್ತಿಲ್ಲವೇನೋ ಎಂಬಂತೆ.

"ಆಗ ಲೋ ಇತ್ತು. ಈಗ ಇಲ್ಲ," ಎಂದರು ಡಾಕ್ಟರಮ್ಮ. "ನಾಳೆ ಬೆಳಿಗ್ಗೆ ಮೊದಲನೇ ಮೂತ್ರ ಲ್ಯಾಬಿಗೆ ಕಳಿಸಿ. ಅದರಲ್ಲಿ ಅಲ್ಬುಮಿನ್, ಅಂದ್ರೆ ಪ್ರೋಟೀನು, ಇದ್ರೆ ಮನೇಲಿರೋದು ಬೇಡ, ಸೀದಾ ಇಲ್ಲಿಗೆ ಬಂದು ಮಲಗೋದು. ಇಲ್ಲದಿದ್ರೆ ಸೋಮವಾರ ಬಿಪಿ ನೋಡೋಣ."

ಅಮ್ಮನ ಚಿಂತೆ ಬೇರೆಯೇ ಇತ್ತು. ಭಾನುವಾರ ಎನ್.ಆರ್. ಪುರದ ದೊಡ್ಡಮ್ಮನ ಮನೆಯಲ್ಲಿ ಅಕ್ಕನ ಬಯಕೆ ಊಟ. ಬಸುರಿಯನ್ನು ಕೂರಿಸಿ, ಹಸಿರು ಬಳೆ ತೊಡಿಸಿ, ಮೊಗ್ಗಿನ ಜಡೆ ಹಾಕಿ, ಅವಳ ಬಾಯಿ ಕೇಳಿದ್ದನ್ನೆಲ್ಲ ಬಡಿಸುವ ಕಾರ್ಯಕ್ರಮ. ಮೊಗ್ಗಿಗೆ ಆಗಲೇ ಹೇಳಿಯಾಗಿತ್ತು.

ಶನಿವಾರ ಬೆಳಿಗ್ಗೆ ಅಕ್ಕ ಲ್ಯಾಬಿನ ಸಣ್ಣ ಬಾಟಲಿಯ ಮೇಲೆ ದುಂಡಗಿನ ಅಕ್ಷರದಲ್ಲಿ ಹೆಸರು, ವಯಸ್ಸು ಬರೆದಳು. ಯಾರಿಗೂ ಗೊತ್ತಾಗಬಾರದೆಂದು ಅದನ್ನು ಒಂದು ಕವರಿಗೆ, ಆ ಕವರನ್ನು ಇನ್ನೊಂದಕ್ಕೆ, ಅದನ್ನು ಜವಳಿ ಅಂಗಡಿಯ ಚೀಲಕ್ಕೆ ಹಾಕಿದಳು. "ಸೀದಾ ಲ್ಯಾಬಿಗೆ ಹೋಗು" ಎಂದಳು ಅಮ್ಮ. ನಾನು ಚೀಲವನ್ನು ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿಕೊಂಡು ಸೀದಾ ಬಸ್‌ಸ್ಟ್ಯಾಂಡಿಗೆ ಹೋದೆ. ಶೃಂಗೇರಿ ಬಸ್ಸು ಹೊರಡುವ ಹೊತ್ತು. ನಾನು ಕೂಗದಿದ್ದರೆ ಅದು ಹೊರಡುವುದಿಲ್ಲವೆಂದು ನನಗೊಂದು ನಂಬಿಕೆ. ಒಂದು ಬಸ್ಸು ಎರಡಾಯಿತು, ಎರಡು ನಾಲ್ಕಾಯಿತು. ತಿರುಗಿ ಬಂದಾಗ ಯಾರೋ ಬಸ್ಸಿಂದ ಇಳಿಸಿದ ಗೊಬ್ಬರದ ಚೀಲ ತಾಗಿ ನನ್ನ ಸ್ಕೂಟರು ಮಗುಚಿ ಬಿದ್ದಿತ್ತು. ಮೂರು ಕವರುಗಳೂ ಒದ್ದೆ. ಬಾಟಲಿಯಲ್ಲಿ ಅಕ್ಕನ ಹೆಸರು ಮಾತ್ರ ಉಳಿದಿತ್ತು.

ಲ್ಯಾಬು ಶನಿವಾರ ಹನ್ನೊಂದಕ್ಕೆ ಸ್ಯಾಂಪಲ್ ನಿಲ್ಲಿಸುತ್ತದೆ. ಹತ್ತೂ ಮುಕ್ಕಾಲು ಆಗಿತ್ತು. ಮನೆ ಐದು ನಿಮಿಷದ ದಾರಿ. ಹೋಗಬಹುದಿತ್ತು. ಹೋದರೆ, ಅಕ್ಕಪಕ್ಕದ ಹೆಂಗಸರು ಕೂತು ಬಯಕೆ ಊಟದ ಮಾತಾಡುತ್ತಿರುವ ಜಗಲಿಯಲ್ಲಿ ನಿಂತು, ಅಕ್ಕನನ್ನು ಕರೆದು, ಇನ್ನೊಂದು ಸಲ ಕೊಡು ಎಂದು ಕೇಳಬೇಕಿತ್ತು. ಅಮ್ಮ, ಒಂದು ಕೆಲಸ ನೆಟ್ಟಗೆ ಮಾಡಲು ಬರುವುದಿಲ್ಲ ಎಂದು ಎಲ್ಲರೆದುರು ಹೇಳುತ್ತಿದ್ದಳು. ನನಗೆ ಆ ಮಾತಿನ ಧಾಟಿಯೂ ಬಾಯಿಪಾಠ. ನಾನು ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಹೋದೆ. ಒಂದೇ ತಾಯಿಯ ಹೊಟ್ಟೆಯಿಂದ ಬಂದವರು, ಇದರಲ್ಲಿ ಎಂಥ ವ್ಯತ್ಯಾಸ ಇರುತ್ತದೆ ಎಂದು ನಿಜವಾಗಿ ಅಂದುಕೊಂಡೆ. ಪಿಯುಸಿಯಲ್ಲಿ ನಾನು ವಿಜ್ಞಾನ ಓದಿದವನು.

ಸಂಜೆ ರಿಪೋರ್ಟು ಬಂತು. ಅಲ್ಬುಮಿನ್ ಇಲ್ಲ, ಸಕ್ಕರೆ ಇಲ್ಲ. ಅಮ್ಮ ದೇವರಿಗೆ ಒಂದು ಬತ್ತಿ ಜಾಸ್ತಿ ಹಚ್ಚಿದಳು. ನಾನು ರಿಪೋರ್ಟನ್ನು ಶೇಷಣ್ಣನ ದನಿಯಲ್ಲಿ ಓದಿದೆ. "ಏನೂ ಇಲ್ಲ, ಗೊತ್ತಾತಲ್ಲ." ಎಲ್ಲರೂ ನಕ್ಕರು.

ಭಾನುವಾರ ದೊಡ್ಡಮ್ಮನ ಮನೆಯಲ್ಲಿ ಬಳೆ ಏರಲಿಲ್ಲ. ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಮೊದಲು ಕೊಬ್ಬರಿ ಎಣ್ಣೆ ಹಚ್ಚಿದಳು. ಆಮೇಲೆ ಸೋಪಿನ ನೊರೆ. ಅಕ್ಕನ ಅಂಗೈ ಹಿಸುಕಿ, ಹೆಬ್ಬೆರಳು ಮಡಚಿ, ಒಂದೊಂದೇ ಹಸಿರು ಗಾಜಿನ ಬಳೆ ಒಳಗೆ ದೂಡುವಾಗ ಹೆಂಗಸರೆಲ್ಲ, ಮೈಕೈ ತುಂಬಿಕೊಂಡಿದೆ, ಗಂಡೋ ಹೆಣ್ಣೋ ಎಂದು ವಾದ ಮಾಡುತ್ತಿದ್ದರು. ಬಳೆ ಸರಿದ ಜಾಗದಲ್ಲಿ ಗುಳಿ ಬಿದ್ದದ್ದು ಮತ್ತೆ ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿತ್ತು. ಎಲ್ಲರೂ ನೋಡಿದೆವು. ಊಟಕ್ಕೆ ಹೋಳಿಗೆ, ಪತ್ರೊಡೆ, ಹಪ್ಪಳ, ದೊಡ್ಡಮ್ಮನ ಮಿಡಿ ಉಪ್ಪಿನಕಾಯಿ. ಊಟದ ನಂತರ ಒತ್ತಾಯದ ಮೇರೆಗೆ ನನ್ನ ಕಾರ್ಯಕ್ರಮ. ಕೊನೆಯ ಐಟಂ, ಅಕ್ಕನ ನಡಿಗೆ.

ಸೋಮವಾರ ಬೆಳಿಗ್ಗೆ ಅಕ್ಕ ಎದ್ದು ಕೂತು ವಾಂತಿ ಮಾಡಿದಳು. ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಹಿಡಿದುಕೊಂಡಿದೆ ಎಂದಳು.

"ಹೋಳಿಗೆ ನಾಲ್ಕು ತಿಂದ್ರೆ ಇನ್ನೆಂತಾಗ್ತದೆ," ಎಂದು ಅಮ್ಮ ಜೀರಿಗೆ ಕಷಾಯಕ್ಕೆ ಇಟ್ಟಳು.

"ಕಣ್ಣೆದುರಿಗೆ ಎಂತದೋ ಮಿಣಮಿಣ ಅಂತಿದೆ ಅಮ್ಮ. ಬೆಳಕು ಹೊಡೆದ ಹಾಗೆ."

"ನಿದ್ದೆ ಸರಿ ಆಗ್ಲಿಲ್ಲ ನಿಂಗೆ. ಇವತ್ತು ಮಲಕ್ಕ. ಬಿಪಿ ನಾಳೆ ತೋರ್ಸಿದ್ರಾತು. ಹೆಂಗೂ ರಿಪೋರ್ಟಲ್ಲಿ ಏನೂ ಇಲ್ವಲ್ಲ."

ನಾನು ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಿದ್ದೆ. ರಿಪೋರ್ಟಲ್ಲಿ ಏನೂ ಇಲ್ಲ ಎನ್ನುವ ಮಾತು ಕೇಳಿದ ಮೇಲೆ ಎರಡನೇ ಚಪ್ಪಲಿ ಕಾಲಿಗೆ ಹತ್ತಲಿಲ್ಲ. ಆಗಲೇ ಹೇಳಬೇಕಿತ್ತು. ಬಸ್‌ಸ್ಟ್ಯಾಂಡಿಗೆ ಹೋದೆ. ಮೂರು ಬಸ್ಸು ಕೂಗಿದೆ. ಎನ್.ಆರ್. ಪುರದ ಬಸ್ಸಿಗೆ ಶೃಂಗೇರಿ ಎಂದು ಕೂಗಿ ಡ್ರೈವರ್ ಹತ್ತಿರ ಬೈಸಿಕೊಂಡೆ. ಆಮೇಲೆ, ನನ್ನ ನಂಬರು ಕಾಣದಿರಲೆಂದು, ಕ್ಯಾಂಟೀನಿನ ಹಿಂದಿನ ಪಾರ್ಸೆಲ್ ಆಫೀಸಿನ ಫೋನಿಂದ ಮನೆಗೆ ಫೋನ್ ಮಾಡಿದೆ. ಅಮ್ಮ ಎತ್ತಿದಳು.

"ಹಲೋ, ಆಸ್ಪತ್ರೆಯಿಂದ ಶೇಷಣ್ಣ ಮಾತಾಡೋದು," ಎಂದೆ ಮೂಗಿನಲ್ಲಿ. "ಸವಿತಾ ಅವ್ರನ್ನ ಈಗ್ಲೇ ಕರ್ಕಂಡು ಬರ್ಬೇಕಂತೆ. ಮೇಡಂ ಹೇಳಿದಾರೆ. ಆಟೋ ಮಾಡ್ಕಂಡೇ ಬನ್ನಿ, ನಡೆಸ್ಬೇಡಿ, ಗೊತ್ತಾತಲ್ಲ."

"ಯಾಕೆ ಶೇಷಣ್ಣ, ರಿಪೋರ್ಟು ಸರಿ ಇತ್ತಲ್ಲ?"

ಒಂದು ಕ್ಷಣ ನನ್ನ ದನಿಯೇ ಬಾಯಿಗೆ ಬಂತು. ಮತ್ತೆ ಮೂಗಿಗೆ ಹತ್ತಿಸಿ, "ಮೇಡಂ ಹೇಳಿದ್ದು ಅಷ್ಟೇ," ಎಂದು ಇಟ್ಟೆ. ನನ್ನ ಜೀವನದಲ್ಲಿ ಯಾರೂ ನಗದ ಒಂದೇ ಕಾರ್ಯಕ್ರಮ ಅದು.

ನಾನು ಆಸ್ಪತ್ರೆ ಮುಟ್ಟುವಾಗ ಅವರು ಆಗಲೇ ಬಂದಿದ್ದರು. ನೂರಾ ಎಪ್ಪತ್ತು, ನೂರಾ ಹತ್ತು. ಡಾಕ್ಟರಮ್ಮ ಅಕ್ಕನ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದರು. ಕಾಲು ಚೆಂಡು ಒದ್ದ ಹಾಗೆ ಹಾರಿತು. ಅಕ್ಕನನ್ನು ಒಳಗಿನ ಮಂಚದಲ್ಲಿ ಎಡಮಗ್ಗುಲಿಗೆ ಮಲಗಿಸಿ, ದೀಪ ಆರಿಸಿ, ಹೊರಗೆ ಬಂದರು.

"ಶನಿವಾರ ಅಲ್ಬುಮಿನ್ ಇಲ್ಲ ಅಂತ ಬರೆದಿದಾರೆ. ಎರಡು ದಿನದಲ್ಲಿ ಇಷ್ಟಾ?" ಎಂದು ರಿಪೋರ್ಟನ್ನು ಹಿಂದೆ ಮುಂದೆ ತಿರುಗಿಸಿದರು. "ಹೋಗಲಿ, ಬೆಳಿಗ್ಗೆನೇ ಕರ್ಕೊಂಡ್ ಬಂದ್ರಲ್ಲ, ಒಳ್ಳೇದಾಯ್ತು."

"ಶೇಷಣ್ಣ ಫೋನ್ ಮಾಡಿದ್ರಲ್ಲ ಮೇಡಂ," ಎಂದಳು ಅಮ್ಮ.

ಶೇಷಣ್ಣ ಸಿರಿಂಜು ಹಿಡಿದು ನಿಂತಿದ್ದ. "ನಾನಾ? ನಾನೆಲ್ಲಿ ಫೋನ್ ಮಾಡ್ದೆ?" ಎಂದ.

ಅಮ್ಮ ಅವನನ್ನು ನೋಡಿದಳು. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದಳು. ಹೆತ್ತವಳು, ಎರಡು ದನಿಯ ಲೆಕ್ಕ ಹಾಕಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಎಂತ ಮಾಡಿದ್ದಿ ನೀನು?"

ಹೇಳಿದೆ. ಚೀಲ, ಸ್ಕೂಟರು, ಶೌಚಾಲಯ, ಎಲ್ಲ ಮೂರು ವಾಕ್ಯದಲ್ಲಿ ಮುಗಿಯಿತು. ಯಾವ ದನಿಯಲ್ಲಿ ಹೇಳಿದೆನೋ ನನಗೆ ನೆನಪಿಲ್ಲ. ನನ್ನದೇ ಇರಬೇಕು.

ಡಾಕ್ಟರಮ್ಮ ಬಯ್ಯಲಿಲ್ಲ. ಒಳಗೆ ಹೋಗಿ, ಆಗ ತಾನೇ ತೆಗೆದ ಅಕ್ಕನ ಮೂತ್ರದಲ್ಲಿ ಸಣ್ಣ ಕಾಗದದ ಪಟ್ಟಿಯೊಂದನ್ನು ಅದ್ದಿಕೊಂಡು ಬಂದು ನನ್ನ ಮುಖದೆದುರು ಹಿಡಿದರು. ಹಳದಿ ಇರಬೇಕಾದ ಚೌಕ ಹಸಿರಾಗಿತ್ತು, ನಿನ್ನೆಯ ಬಳೆಗಳಷ್ಟೇ ಹಸಿರು.

"ಇದು ಅವಳದ್ದು. ಶನಿವಾರನೂ ಸುಮಾರು ಹೀಗೇ ಇದ್ದಿರಬೇಕು. ರಿಪೋರ್ಟ್ ಹೇಗಿದ್ರೂ ಈಗಿನ ಬಿಪಿಗೆ ನಾನು ಶಿವಮೊಗ್ಗಕ್ಕೆ ಕಳಿಸೋಳೇ. ಆದ್ರೆ ಶನಿವಾರವೇ ಕಳಿಸಬಹುದಿತ್ತು." ಅಷ್ಟು ಹೇಳಿ ಶೇಷಣ್ಣನಿಗೆ ಆಂಬುಲೆನ್ಸಿಗೆ ಫೋನ್ ಮಾಡಲು ಹೇಳಿದರು. ಈ ಸಲ ನಿಜವಾದ ಶೇಷಣ್ಣ ಮಾಡಿದ.

ಫಿಟ್ಸ್ ಬರದಿರಲಿ ಎಂದು ಸೊಂಟದ ಎರಡೂ ಬದಿಗೆ ಮ್ಯಾಗ್ನೀಸಿಯಂ ಇಂಜೆಕ್ಷನ್ ಚುಚ್ಚಿದರು. ಮೈಯೆಲ್ಲ ಒಲೆಯ ಮೇಲೆ ಇಟ್ಟ ಹಾಗಾಯಿತು ಎಂದು ಅಕ್ಕ ಆಮೇಲೆ ಹೇಳಿದಳು. ಆಂಬುಲೆನ್ಸಿನಲ್ಲಿ ತೀರ್ಥಹಳ್ಳಿ ದಾಟುವವರೆಗೂ ಅಮ್ಮ ಅಕ್ಕನ ಕಾಲು ಹಿಡಿದು ಕೂತಿದ್ದಳು. ನಾನು ಡ್ರೈವರನ ಪಕ್ಕ. ಅವನು ನನ್ನ ಗುರುತಿನವನು, ಅಭ್ಯಾಸಬಲದಿಂದ ಯಾರದಾದರೂ ದನಿ ಮಾಡು ಮಾರಾಯ ಎಂದ. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಭಾವ ಶೃಂಗೇರಿಯಿಂದ ನೇರ ಬಂದರು. ಅಮ್ಮ ಅವರಿಗೆ ನನ್ನೆದುರೇ ಎಲ್ಲ ಹೇಳಿದಳು. ಒಂದು ಏಟು ಬೀಳುತ್ತದೆಂದು ನಾನು ತಯಾರಾಗಿದ್ದೆ. ಭಾವ, "ಬ್ಯಾಗು ಎಲ್ಲಿಟ್ಟಿದೀಯಾ?" ಎಂದು ಕೇಳಿದರು. ಏಟೇ ವಾಸಿಯಿತ್ತು. ದೊಡ್ಡಮ್ಮ ಮಧ್ಯಾಹ್ನದ ಬಸ್ಸಿಗೆ ಎನ್.ಆರ್. ಪುರದಿಂದ ಅಳುತ್ತಲೇ ಬಂದಳು.

ಹೆರಿಗೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಒಂದು ವಿಚಿತ್ರ ಸ್ಪರ್ಧೆ ನಡೆಯಿತು. ದೊಡ್ಡಮ್ಮ, ನನ್ನ ಮಿಡಿ ಉಪ್ಪಿನಕಾಯಿಯೇ ಹುಡುಗಿಯನ್ನು ಹೀಗೆ ಮಾಡಿತು ಎಂದಳು. ಅಮ್ಮ, ನನ್ನ ಉಪ್ಪು ಮಜ್ಜಿಗೆ ಎಂದಳು, ಅದು ಸಾಲದೆ ಗ್ರಹಣದ ದಿನ ಅವಳಿಗೆ ಬೀನ್ಸ್ ಹೆಚ್ಚಲು ಬಿಟ್ಟಿದ್ದೆ ಎಂದಳು. ಭಾವ, ಐದನೇ ತಿಂಗಳಲ್ಲಿ ಬಸ್ಸಿನಲ್ಲಿ ಓಡಾಡಿಸಬಾರದಿತ್ತು ಎಂದರು. ನನ್ನ ಹತ್ತಿರ ಎಲ್ಲರಿಗಿಂತ ದೊಡ್ಡ ಪಾಪ ಇತ್ತು, ಆದರೆ ಯಾರೂ ನನಗೆ ಸರದಿ ಕೊಡಲಿಲ್ಲ.

ಕೊನೆಗೆ ಒಳಗಿನಿಂದ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರು ಬಂದರು. ಎರಡು ದಿನ ನಿದ್ದೆ ಮಾಡಿರದ ಕಣ್ಣು. ನಮ್ಮ ವಾದ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ.

"ಉಪ್ಪಿನಕಾಯಿ ತಿಂದು ಇದು ಬರೋದಲ್ಲಮ್ಮ," ಎಂದರು. "ಬಸುರಾದಾಗ ಹಾರ್ಮೋನುಗಳು ಮೈಯ ರಕ್ತನಾಳಗಳನ್ನೆಲ್ಲ ಸಡಿಲ ಮಾಡ್ತವೆ. ಅದಕ್ಕೇ ಆಗ ಬಿಪಿ ಇಳಿದಿದ್ದು. ಕಿಡ್ನಿಗೂ ಮೊದಲಿಗಿಂತ ಎಷ್ಟೋ ಜಾಸ್ತಿ ರಕ್ತ ಹೋಗತ್ತೆ, ಅದು ಜಾಸ್ತಿ ಕೆಲಸ ಮಾಡತ್ತೆ. ಅಲ್ಲಿವರೆಗೆ ಸರಿ. ಕೆಲವರಲ್ಲಿ ಮಾಸು, ಅಂದ್ರೆ ಪ್ಲಾಸೆಂಟಾ, ಮೊದಲಿಂದಲೇ ಸರಿಯಾಗಿ ಕೂತಿರಲ್ಲ. ತನಗೆ ರಕ್ತ ಸಾಲದೆ ಅದು ತಾಯಿಯ ರಕ್ತಕ್ಕೆ ಏನೇನೋ ಬಿಡತ್ತೆ. ಆಗ ಸಡಿಲ ಇದ್ದ ನಾಳಗಳೇ ಬಿಗಿದುಕೊಳ್ತವೆ. ಕಿಡ್ನಿಯ ಜಾಲರಿ ಕೆಟ್ಟು ಪ್ರೋಟೀನು ಸೋರತ್ತೆ. ಇವರಿಗೇ ಯಾಕೆ ಅಂದ್ರೆ ನಮಗೂ ಪೂರ್ತಿ ಗೊತ್ತಿಲ್ಲ."

"ಔಷಧಿ?" ಎಂದರು ಭಾವ.

"ಹೆರಿಗೆ ಒಂದೇ. ಮಗುವಿನ ಶ್ವಾಸಕೋಶ ಬಲಿಯೋಕೆ ಇಂಜೆಕ್ಷನ್ ಕೊಟ್ಟಿದೀವಿ. ಅದಕ್ಕೆ ಎರಡು ದಿನ ಬೇಕು. ಅಷ್ಟು ಸಮಯ ಇವರ ಬಿಪಿ ಕೊಡತ್ತೋ ಇಲ್ವೋ ನೋಡಬೇಕು."

ದೊಡ್ಡಮ್ಮ ಕಣ್ಣೊರೆಸಿಕೊಂಡು, ಹಾಗಾದರೆ ಉಪ್ಪಿನಕಾಯಿ ಅಲ್ಲವಾ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಅವಳ ಭಾರ ಇಳಿಯಿತು. ನಾನು ಡಾಕ್ಟರ ಹಿಂದೆ ಕಾರಿಡಾರಿನ ತಿರುವಿನವರೆಗೆ ಹೋಗಿ, ಶನಿವಾರವೇ ಬಂದಿದ್ದರೆ ಆ ಎರಡು ದಿನ ಸಿಗುತ್ತಿತ್ತಾ ಎಂದು ಕೇಳಿದೆ. ಯಾಕೆ ಕೇಳುತ್ತಿದ್ದೇನೆಂದು ಹೇಳಿದೆ. ಅವರು ನಿಂತು ಹೇಳಿದರು: "ಸಿಗ್ತಿತ್ತು. ಅದರಿಂದ ಎಷ್ಟು ಬದಲಾಗ್ತಿತ್ತು ಅಂತ ಹೇಳೋಕಾಗಲ್ಲ. ಸುಳ್ಳು ಸಮಾಧಾನ ಬೇಕಾ?" ಬೇಡ ಎಂದೆ. ಅವರು ಹೋದರು. ಆ ಡಾಕ್ಟರ ದನಿಯನ್ನು ನಾನು ಇವತ್ತಿಗೂ ಮಾಡಿಲ್ಲ.

ಬಿಪಿ ಒಂದೇ ದಿನ ಕೊಟ್ಟಿತು. ಮಂಗಳವಾರ ಮಧ್ಯಾಹ್ನ ಆಪರೇಷನ್ ಎಂದರು. ಕೈಯೊಳಗೆ ಇಳಿಸಿದ ಸೂಜಿಗೆ ಜಾಗ ಸಾಲದು, ಬಳೆ ತೆಗೆಯಬೇಕು ಎಂದಳು ನರ್ಸು. ಸೋಪು ಹಚ್ಚಿ ನೋಡಿದರು, ಒಂದೂ ಜಾರಲಿಲ್ಲ. ಎರಡು ದಿನದ ಹಿಂದೆ ದೂಡಿ ದೂಡಿ ಏರಿಸಿದ ಬಳೆಗಳಿಗೆ ನರ್ಸು ಹತ್ತಿಬಟ್ಟೆ ಸುತ್ತಿ, ಒಂದೊಂದಾಗಿ ಒಡೆದಳು. ಬಟ್ಟೆಯೊಳಗೆ ಸಣ್ಣ ಸದ್ದು. ಅಮ್ಮ ಗೋಡೆಯ ಕಡೆ ತಿರುಗಿ ನಿಂತಳು. ನರ್ಸಿಗೆ ಅರ್ಥವಾಗಿರಬೇಕು. ಎಡಗೈಯಲ್ಲಿ ಒಂದೇ ಒಂದು ಬಳೆ ಬಿಟ್ಟು, ಅದರ ಮೇಲೆ ಪ್ಲಾಸ್ಟರ್ ಅಂಟಿಸಿ, "ಇದಿರಲಿ, ಯಾರಿಗೂ ತೊಂದರೆ ಇಲ್ಲ," ಎಂದಳು. ಆ ನರ್ಸಿನ ಹೆಸರು ನಮಗೆ ಗೊತ್ತಿಲ್ಲ. ಅಮ್ಮ ಈಗಲೂ ದೇವರಿಗೆ ಕೈ ಮುಗಿಯುವಾಗ 'ಆ ಹುಡುಗಿ' ಎಂದು ಸೇರಿಸುತ್ತಾಳೆ.

ಆ ವಾರ್ಡಿನ ಬಾಗಿಲಿಗೆ ಒಬ್ಬಳು ಆಯಾ. ಅರ್ಧ ಬಾಗಿಲು ತೆಗೆದು, "ಸವಿತಾ ಕಡೇರು ಯಾರ್ರೀ" ಎಂದು ಕೂಗುವಳು. ನನ್ನ ವೃತ್ತಿಯವಳೇ. ಕಷ್ಟವೇನೆಂದರೆ ಅವತ್ತು ಒಳಗೆ ಮೂರು ಸವಿತಾ ಇದ್ದರು. ಕೂಗಿದಾಗಲೆಲ್ಲ ಮೂರು ಸಂಸಾರ ಎದ್ದು ನಿಲ್ಲುವುದು, ಎರಡು ಕೂರುವುದು. ಒಂದು ಸವಿತಾಳಿಗೆ ಫ್ಲಾಸ್ಕು ಬೇಕಿತ್ತು, ಇನ್ನೊಂದಕ್ಕೆ ರಕ್ತ. ಭದ್ರಾವತಿ ಕಡೆಯ ಒಬ್ಬ ಅಜ್ಜಿ, ಎರಡನೇ ಸವಿತಾಳ ಅತ್ತೆ, ತನ್ನ ಚಾಪೆಯ ಅರ್ಧ ಬಿಟ್ಟುಕೊಟ್ಟು ಅಮ್ಮನನ್ನು ಮಲಗಿಸಿಕೊಂಡಳು. ಅಮ್ಮ ಅವಳ ಹತ್ತಿರ ಎಲ್ಲ ಮಾತಾಡಿದಳು. ನನ್ನ ಹತ್ತಿರ ಇಲ್ಲ. ನನಗೇನಾದರೂ ಹೇಳಬೇಕಾದರೆ ಭಾವನ ಮುಖಾಂತರ: "ಅವನಿಗೆ ಬಿಸಿನೀರು ತರೋಕೆ ಹೇಳಿ."

ಮೂರೂವರೆಗೆ ಕೂಗಿದ್ದು ನಮ್ಮ ಸವಿತಾಳನ್ನು. ಹೆಣ್ಣು. ಒಂದು ಕಿಲೋ ನಾನೂರು ಗ್ರಾಂ. ಉಸಿರಾಡಲು ಕಷ್ಟಪಡುತ್ತಿದೆ, ಗಾಜಿನ ಕೋಣೆಗೆ ಒಯ್ದಿದ್ದೇವೆ ಎಂದರು. ಒಂದು ಕ್ಷಣ ತೋರಿಸಿದಾಗ ಕೂಸಿನ ಮುಖ ನನ್ನ ಮುಷ್ಟಿಯಷ್ಟಿತ್ತು. ಸಿಟ್ಟಿನಲ್ಲಿತ್ತು. ಯಾರ ಮೇಲೆಂದು ನನಗೆ ಸಂಶಯ ಇರಲಿಲ್ಲ.

ಹೆರಿಗೆಯಾದರೆ ಮುಗಿಯಿತು ಅಂದುಕೊಂಡಿದ್ದೆವು. ಮುಗಿಯಲಿಲ್ಲ. ಮೂರನೇ ದಿನ ಅಕ್ಕನ ಬಿಪಿ ಮತ್ತೆ ಏರಿತು, ಮೂತ್ರ ಕಡಿಮೆಯಾಯಿತು. ಕಿಡ್ನಿ ಸ್ವಲ್ಪ ಮುಷ್ಕರ ಹೂಡಿದೆ, ಕಾಯೋಣ ಎಂದರು. ಮಂಚದ ಕೆಳಗೆ ತೂಗುಹಾಕಿದ ಚೀಲದಲ್ಲಿ ಗಂಟೆಗೆ ಎಷ್ಟು ಬಂತೆಂದು ನರ್ಸು ಬರೆದುಕೊಳ್ಳುವಳು. ಮಳೆಗಾಲದಲ್ಲಿ ಭದ್ರಾ ಡ್ಯಾಮಿನ ನೀರಿನ ಮಟ್ಟ ನೋಡುವ ಹಾಗೆ ನಾವು ದಿನಕ್ಕೆರಡು ಸಲ ವಿಚಾರಿಸುತ್ತಿದ್ದೆವು. ದೊಡ್ಡಮ್ಮ ಎನ್.ಆರ್. ಪುರಕ್ಕೆ ಹಿಂತಿರುಗಿದ ಮೇಲೂ ಬೆಳಿಗ್ಗೆ ಫೋನ್ ಮಾಡಿ ಅದೊಂದನ್ನೇ ಕೇಳುವಳು: "ಎಷ್ಟು ಹೋಯ್ತು?" ಒಂದು ದಿನ ಗಂಟೆಗೆ ಐವತ್ತು ಎಂದಾಗ ಭಾವ, ನಗುವುದೇ ಗೊತ್ತಿಲ್ಲದ ಮನುಷ್ಯ, ನನ್ನ ಹೆಗಲು ಹಿಡಿದು ಅಲ್ಲಾಡಿಸಿದರು. ಮನುಷ್ಯ ಇಷ್ಟು ಸಣ್ಣದಕ್ಕೆ ಇಷ್ಟು ಸಂತೋಷಪಡಬಹುದೆಂದು ಆಸ್ಪತ್ರೆಯ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ.

ಆರನೇ ದಿನ ನರ್ಸು ದೊಡ್ಡ ಕ್ಯಾನೊಂದನ್ನು ತಂದಳು. ಇಡೀ ಒಂದು ದಿನದ ಮೂತ್ರ ಅದರಲ್ಲಿ ಸಂಗ್ರಹಿಸಿ, ಕೆಳಗಿನ ಮಹಡಿಯ ಲ್ಯಾಬಿಗೆ ಕೊಡಬೇಕು. ಮರುದಿನ ಕ್ಯಾನು ತುಂಬಿತು. ನಾನು ಎದ್ದು ಕೈ ನೀಡಿದೆ. ಆಗ ಅಮ್ಮ, ಒಂದು ವಾರದ ಮೇಲೆ, ನನ್ನ ಮುಖ ನೋಡಿ ಮಾತಾಡಿದಳು.

"ನೀನು ಮುಟ್ಬೇಡ."

ಭಾವನೇ ಅದನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು, ಮೆಟ್ಟಿಲ ಮೇಲೆ ಜನರಿಗೆ "ಸ್ವಲ್ಪ ಜಾಗ, ಸ್ವಲ್ಪ ಜಾಗ" ಎನ್ನುತ್ತ, ಅಭಿಷೇಕದ ಕೊಡ ಹೊತ್ತ ಹಾಗೆ ಇಳಿದುಹೋದರು. ನನಗೆ ನಗು ಬಂತು. ಅಮ್ಮನಿಗೂ ಬಂತು, ಆದರೆ ನನ್ನ ಜೊತೆ ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಕ್ಕನಿಗೆ ಕೇಳಿಸದ ಹಾಗೆ ಹೇಳಿದಳು: "ಅವಳಿಗೆ ನಾವ್ಯಾರೂ ಹೇಳಿಲ್ಲ. ಹೇಳೋದೂ ಇಲ್ಲ. ಅವಳು ಎದ್ದು ಓಡಾಡೋ ಹಾಗಾದ ಮೇಲೆ ನೀನೇ ಹೇಳು."

ಅಕ್ಕ ಮಗುವನ್ನು ನೋಡಿದ್ದು ಎಂಟನೇ ದಿನ, ಗಾಲಿಕುರ್ಚಿಯಲ್ಲಿ. ಅಲ್ಲಿಯವರೆಗೆ ನಾನು ಗಾಜಿನ ಹೊರಗಿಂದ ತೆಗೆದ ಫೋಟೋ ತೋರಿಸುತ್ತಿದ್ದೆ. ಆ ಕೋಣೆಯಲ್ಲಿ ಕಡಿಮೆ ತೂಕದ ಮಕ್ಕಳನ್ನು ಬರಿಮೈಗೆ ಅಂಟಿಸಿ ಇಟ್ಟುಕೊಳ್ಳಬೇಕು, ಅಪ್ಪನೂ ಇಟ್ಟುಕೊಳ್ಳಬಹುದು. ಭಾವ ಅಂಗಿ ಬಿಚ್ಚಿ, ಕರಡಿಯಂಥ ಎದೆಯ ಮೇಲೆ ಆ ಮುಷ್ಟಿಯಷ್ಟು ಜೀವವನ್ನು ಇಟ್ಟುಕೊಂಡು, ಉಸಿರಾಡಿದರೆ ಬಿದ್ದೀತೆಂದು ಉಸಿರು ಹಿಡಿದು ಕೂರುತ್ತಿದ್ದರು. ಇಪ್ಪತ್ತಾರನೇ ದಿನ ಮಗು ಒಂದೂ ಮುಕ್ಕಾಲು ಕಿಲೋ ದಾಟಿತು. ಮನೆಗೆ ಹೋಗಿ ಎಂದರು. ಅಕ್ಕನಿಗೆ ಮೂರು ಬಗೆಯ ಮಾತ್ರೆ, ದಿನಾ ಬಿಪಿ, ಮೂರು ತಿಂಗಳಿಗೆ ಮತ್ತೆ ಮೂತ್ರ ಪರೀಕ್ಷೆ. ಕೆಲವರಿಗೆ ಕಿಡ್ನಿ ಪೂರ್ತಿ ಸರಿಹೋಗುವುದಿಲ್ಲ, ಮುಂದೆ ಬಿಪಿ ಉಳಿದುಕೊಳ್ಳುವುದೂ ಇದೆ, ವರ್ಷವರ್ಷ ತೋರಿಸುತ್ತಿರಿ ಎಂದೂ ಹೇಳಿದರು. ಆ ಮಾತನ್ನು ಚೀಟಿಯಲ್ಲಿ ಬರೆದುಕೊಂಡವನು ನಾನು.

ಆ ಮೂರು ತಿಂಗಳು ಅಕ್ಕನಿಗೆ ಹೇಳಲು ನನಗೆ ಸಮಯ ಸಿಗಲಿಲ್ಲ. ಅಂದರೆ ದಿನಾ ಸಿಗುತ್ತಿತ್ತು. ಬಾಣಂತಿ ಕೋಣೆಯ ಹೊರಗೆ ನಿಂತು ಬಾಯಿ ತೆಗೆಯುವೆ. ಬೇರೆ ಯಾರದೋ ದನಿ ಬರುವುದು, ಅಕ್ಕ ನಗುವಳು, ಹೊಲಿಗೆ ನೋಯುತ್ತೆ ನಗಿಸ್ಬೇಡ ಎನ್ನುವಳು.

ಮೂರು ತಿಂಗಳ ಪರೀಕ್ಷೆಯ ದಿನ ಕೊಪ್ಪದ ಡಾಕ್ಟರಮ್ಮನಲ್ಲಿಗೆ ನಾನೇ ಕರೆದುಕೊಂಡು ಹೋದೆ. ಅಕ್ಕ ಅಲ್ಲೇ ಸ್ಯಾಂಪಲ್ ಕೊಟ್ಟು ಬಂದು ಬೆಂಚಿನ ಮೇಲೆ ಕೂತಳು, ಮಡಿಲಲ್ಲಿ ಕೂಸು. ಅಲ್ಬುಮಿನ್ ಇನ್ನೂ ಇದ್ದರೆ ಕಿಡ್ನಿ ಡಾಕ್ಟರ ಹತ್ತಿರ ಹೋಗಬೇಕೆಂದು ಇಬ್ಬರಿಗೂ ಗೊತ್ತಿತ್ತು. ಹತ್ತು ನಿಮಿಷಕ್ಕೆ ಶೇಷಣ್ಣ ಬಂದು, ಈ ಸಲ ನಿಜವಾದ ಮೂಗಿನಲ್ಲಿ, "ಏನೂ ಇಲ್ಲ, ಗೊತ್ತಾತಲ್ಲ," ಎಂದು ಕಾಗದ ಕೊಟ್ಟು, ನನ್ನನ್ನೊಮ್ಮೆ ಕೆಕ್ಕರಿಸಿ ಹೋದ. ಅಕ್ಕ ಕಾಗದವನ್ನು ಎರಡು ಸಲ ಓದಿ, ಕಣ್ಣು ಮುಚ್ಚಿ ಗೋಡೆಗೆ ಒರಗಿದಳು.

ಆಗ ಹೇಳಿದೆ. ಶನಿವಾರದಿಂದ ಶುರುಮಾಡಿ ಫೋನಿನವರೆಗೆ.

ಅಕ್ಕ ಕಣ್ಣು ತೆಗೆದು ಮಗುವಿನ ಟೋಪಿ ಸರಿಮಾಡಿದಳು. "ಬಸ್‌ಸ್ಟ್ಯಾಂಡಿನ ಶೌಚಾಲಯದಲ್ಲಾ?" ಎಂದಳು.

"ಹೌದು."

"ಥೂ."

ಎದುರಿನ ಬೆಂಚಿನಲ್ಲಿ ಒಬ್ಬಳು ಬಸುರಿ, ಅವಳ ಗಂಡ, ತಾಯಿ ಕಾರ್ಡು ಹಿಡಿದು ಕೂತಿದ್ದರು.

"ಶುಕ್ರವಾರ ಇಲ್ಲೇ ಡಾಕ್ಟರಮ್ಮ ಕೇಳಿದ್ರು, ತಲೆನೋವು ಇದ್ಯಾ ಅಂತ," ಎಂದಳು ಅಕ್ಕ, ನನ್ನನ್ನು ನೋಡದೆ. "ಗುರುವಾರದಿಂದ ಸಿಡೀತಾ ಇತ್ತು. ಇಲ್ಲ ಅಂದೆ. ಹೌದು ಅಂದಿದ್ರೆ ಅವತ್ತೇ ಮಲಗಿಸ್ತಿದ್ರು. ಬಯಕೆ ಊಟ ತಪ್ಪೋದು. ದೊಡ್ಡಮ್ಮ ಮೊಗ್ಗಿಗೆ ಹೇಳಿ ಆಗಿತ್ತು. ಇದನ್ನ ನಾನು ಯಾರಿಗೂ ಹೇಳಿಲ್ಲ. ಇವ್ರಿಗೂ."

ಮೂರು ತಿಂಗಳಿಂದ ಇಡೀ ಪಾಪವನ್ನು ಒಬ್ಬನೇ ಹೊತ್ತಿದ್ದೆ. ಅದರಲ್ಲಿ ಪಾಲುದಾರಳೊಬ್ಬಳು ಹುಟ್ಟಿದ್ದು ನನಗೆ ಸಮಾಧಾನ ಆಗಬೇಕಿತ್ತು. ಬದಲಿಗೆ ಯಾರೋ ನನ್ನ ಮೈಕು ಕಿತ್ತುಕೊಂಡ ಹಾಗಾಯಿತು.

"ಇಲ್ಲ ಅಕ್ಕ, ತಪ್ಪೆಲ್ಲ ನಂದೇ," ಎಂದು ಶುರುಮಾಡಿದೆ. "ನಿಂಗೇನಾದ್ರೂ ಆಗಿದ್ರೆ ನಾನು ಜೀವ ಇಟ್ಕಂಡಿರ್ತಿದ್ನಾ? ಈ ಮೂರು ತಿಂಗಳು ಒಂದು ದಿನ ನೆಟ್ಟಗೆ ನಿದ್ದೆ ಮಾಡಿಲ್ಲ. ಊಟ ಸೇರಿಲ್ಲ. ನಾನು ಅನುಭವಿಸಿದ್ದು ಆ ದೇವರಿಗೇ ಗೊತ್ತು." ದನಿ ನಡುಗುತ್ತಿತ್ತು, ಚೆನ್ನಾಗಿಯೇ ನಡುಗುತ್ತಿತ್ತು. ಎದುರಿನ ಬಸುರಿ ತಲೆಯೆತ್ತಿದಳು. ಅವಳ ಗಂಡ ಮೊಬೈಲು ಕೆಳಗಿಟ್ಟ.

ಅಕ್ಕ ಎದ್ದು ನಿಂತಳು. ಕೂಸನ್ನು ನನ್ನ ಕೈಗೆ ಹಾಕಿ, ರಿಪೋರ್ಟನ್ನು ಮಡಚಿ ಬ್ಯಾಗಿಗೆ ಸೇರಿಸಿ, ಹೇಳಿದಳು:

"ಮಾರಾಯ, ಕಾಯಿಲೆ ಬಂದಿದ್ದು ನಂಗೆ. ಅದ್ರಲ್ಲೂ ನೀನೇ ಮುಖ್ಯ ಪಾತ್ರ ಮಾಡ್ಬೇಡ."